ಕಂಪನಿಗೆ ತಾಂಬೂಲ, ಕೇರಿಗೆ ನೋಟೀಸು

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು. ಗೆಳೆಯರು ಬರೆದುಕೊಂಡದ್ದನ್ನು ಕೊಂಚ ತಿದ್ದಿ ಕೊಟ್ಟಿದ್ದೇವೆ.)



ಶಿಬಿರದವರು ನಮಗೆ ಕೊಟ್ಟಿರುವ ವಿಷಯ: ನಗರಗಳು ಬಂಡವಾಳಗಾರರನ್ನು ಹೇಗೆ ಕರೆಯುತ್ತವೆ, ಕರೆದವರನ್ನು ಹೇಗೆ ಉಳಿಸಿಕೊಳ್ಳುತ್ತವೆ. ಪದ್ಯ ಬರೆಯೋರಿಗೆ ಯಾಕಪ್ಪಾ ಈ ವಿಷಯ, ಬಿ.ಕಾಂ. ಓದಿದವರಿಗೆ ಕೊಡಿ ಅಂದ್ವಿ. ಅಲ್ಲೇ ಕೂತಿದ್ದ ಹಾಸ್ಟೆಲಿನ ಹುಡುಗನೊಬ್ಬ ಕೇಳಿದ: "ಅಣ್ಣಾ, ಜಮೀನು ಹೋಗೋದು ಬಿ.ಕಾಂ. ಓದಿದೋರದ್ದಾ? ನಮ್ಮದಲ್ವಾ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಬಂದು ನಿಂತಿದ್ದೇವೆ.

ನಾವು ಅರ್ಥಶಾಸ್ತ್ರದ ಪಂಡಿತರಲ್ಲ. ಆದರೆ ಈ ಶಾಸ್ತ್ರದ ಮೊದಲನೇ ಪಾಠ ನಮ್ಮ ಕೇರಿಗಳಿಗೆ ಚೆನ್ನಾಗಿ ಗೊತ್ತು. ದೊಡ್ಡ ಮನೆಗೆ ನೆಂಟರು ಬರ್ತಾರೆ ಅಂದ್ರೆ ಏನಾಗುತ್ತೆ? ಅಂಗಳ ಗುಡಿಸಬೇಕು, ಸೌದೆ ಒಡೀಬೇಕು, ಕೋಳಿ ಹಿಡೀಬೇಕು. ಗುಡಿಸೋರು ಯಾರು? ಸೌದೆ ಒಡೆಯೋರು ಯಾರು? ಕೋಳಿ ಯಾರ ಹಟ್ಟಿಯದು? ನೆಂಟರು ಉಂಡು, ಎಲೆ ಅಡಿಕೆ ಹಾಕ್ಕೊಂಡು, 'ಗೌಡರು ಧಾರಾಳಿ' ಅಂತ ಹೊಗಳಿ ಗಾಡಿ ಹತ್ತುತ್ತಾರೆ. ಸರ್ಕಾರ ಬಂಡವಾಳವನ್ನು ಕರೆಯುವ ಕಥೆಯೂ ಹೆಚ್ಚೂಕಡಿಮೆ ಇದೇ. ಧಾರಾಳಿ ಅನ್ನಿಸಿಕೊಳ್ಳೋರು ಒಬ್ಬರು, ಕೋಳಿ ಕಳಕೊಂಡೋರು ಇನ್ನೊಬ್ಬರು.

ಒಂದು ಮಾತು ಮೊದಲೇ ಹೇಳಿಬಿಡ್ತೀವಿ. ನಾವು ಕಾರ್ಖಾನೆಯ ವೈರಿಗಳಲ್ಲ. ಹಳ್ಳಿ ಅಂದ್ರೆ ಕೆಲವು ಕವಿಗಳಿಗೆ ಹಸಿರು, ಕೋಗಿಲೆ, ಸಂಕ್ರಾಂತಿ. ನಮಗೆ ಹಳ್ಳಿ ಅಂದ್ರೆ ಊರಾಚೆಯ ಕೇರಿ, ಹೋಟೆಲಿನ ಹೊರಗೆ ಇಟ್ಟ ಬೇರೆ ಲೋಟ, ತಾತ ಮಾಡಿದ ಸಾಲಕ್ಕೆ ಮೊಮ್ಮಗನ ಜೀತ. ಬಾಬಾಸಾಹೇಬರು 1918ರಲ್ಲೇ ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಲೇಖನ ಬರೆದು, ಭೂಮಿಯ ಮೇಲೆ ಬಿದ್ದಿರುವ ಜನರ ಭಾರ ಇಳಿಯಬೇಕಾದರೆ ಕೈಗಾರಿಕೆ ಬೆಳೆಯಬೇಕು ಅಂತ ವಾದಿಸಿದ್ದರು. 1948ರಲ್ಲಿ ಸಂವಿಧಾನ ಸಭೆಯಲ್ಲಿ ನಿಂತು, ಹಳ್ಳಿಯನ್ನು ಹಾಡಿ ಹೊಗಳುವವರನ್ನು ತರಾಟೆಗೆ ತೆಗೆದುಕೊಂಡರು. ಆದ್ದರಿಂದ ಕಂಪನಿ ಬರಲಿ. ನಮ್ಮ ಪ್ರಶ್ನೆ ಬೇರೆ. ಕರಾರು ಪತ್ರ ಬರೆಯುವಾಗ ಅದರಲ್ಲಿ ನಮ್ಮ ಹೆಸರಿನ ಸಾಲು ಎಲ್ಲಿದೆ?

ದೀಪ ಮೊದಲು ಬಂದದ್ದು ಎಲ್ಲಿಗೆ?

ನಮ್ಮ ರಾಜ್ಯದಲ್ಲಿ ಕಂಪನಿಯನ್ನು ಕರೆದು ಸಾಕುವ ಕಲೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಯನ್ನೇ ತಗೊಳ್ಳಿ. 1880ರ ದಶಕದಲ್ಲಿ ಜಾನ್ ಟೇಲರ್ ಎಂಬ ಬ್ರಿಟಿಷ್ ಕಂಪನಿ ಅಲ್ಲಿ ನೆಲ ಬಗೆಯೋದಕ್ಕೆ ಹಿಡೀತು. ಮೈಸೂರು ಸಂಸ್ಥಾನಕ್ಕೆ ಚಿನ್ನದ ಮೇಲೆ ರಾಜಧನ ಬರ್ತಿತ್ತು. ಗಣಿಯ ಯಂತ್ರಗಳಿಗೆ ಶಕ್ತಿ ಬೇಕು ಅಂದಾಗ ಸಂಸ್ಥಾನ ಕಾವೇರಿಯನ್ನೇ ದುಡಿಸಿತು. ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿಸಿ, ಸುಮಾರು 90 ಮೈಲಿ ತಂತಿ ಎಳೆದು, 1902ರಲ್ಲಿ ಕೋಲಾರದ ಗಣಿಗೆ ಮುಟ್ಟಿಸಿದರು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಅಂದ್ರೆ ರಾಜಧಾನಿಯ ದೊಡ್ಡ ದೊಡ್ಡ ಮನೆಯವರೂ ಸೀಮೆಎಣ್ಣೆ ದೀಪದಲ್ಲಿ ಕೂತಿದ್ದಾಗ ಕಂಪನಿಯ ಯಂತ್ರಕ್ಕೆ ಕರೆಂಟು ಸಿಕ್ಕಿತ್ತು. ಕಂಪನಿಯನ್ನು ಉಳಿಸಿಕೊಳ್ಳೋದು ಅಂದ್ರೆ ಇದು.

ಆ ಗಣಿಯ ಒಳಗೆ ಇಳಿದವರು ಯಾರು? ಉತ್ತರ ಆರ್ಕಾಟಿನ ಕಡೆಯಿಂದ ಬಂದ ತಮಿಳು ದಲಿತರು, ತೆಲುಗು ಸೀಮೆಯಿಂದ ಬಂದವರು, ಕೋಲಾರದ ನಮ್ಮವರು. ಚಾಂಪಿಯನ್ ರೀಫ್ ಗಣಿ ನೆಲದೊಳಗೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿಯಿತು. ಬಂಡೆ ಸಿಡಿದು ಸತ್ತವರು ಎಷ್ಟೋ. ಕಲ್ಲಿನ ದೂಳು ಎದೆಗೆ ತುಂಬಿ, ಕೆಮ್ಮಿ ಕೆಮ್ಮಿ ಸತ್ತವರು ಎಷ್ಟೋ. ಅವರು ಇದ್ದದ್ದು 'ಲೈನು' ಅಂತ ಕರೆಯುವ ಗೂಡುಗಳಲ್ಲಿ. ಹಾಗಂತ ಅವರು ತಲೆ ಬಗ್ಗಿಸಿ ಕೂರಲಿಲ್ಲ. ಶಾಲೆ ಕಟ್ಟಿದರು, ಸಂಘ ಕಟ್ಟಿದರು, ಮುಷ್ಕರ ಹೂಡಿದರು, ಬುದ್ಧನನ್ನು ಮನೆಗೆ ತಂದರು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಷ್ಟು ಹೊತ್ತಿಗೆ ಅದು ಕೇಂದ್ರ ಸರ್ಕಾರದ ಸ್ವತ್ತು. ಚಿನ್ನ ಹೋಗಿತ್ತು, ಕಂಪನಿ ಯಾವತ್ತೋ ಹೋಗಿತ್ತು. ಉಳಿದದ್ದು ಸಯನೈಡ್ ಬೆರೆತ ಮಣ್ಣಿನ ಗುಡ್ಡಗಳು, ಮತ್ತೆ ಜನ. ಇವತ್ತು ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ ನೋಡಿ. ಆ ಗಣಿಗಾರರ ಮಕ್ಕಳು ಮೊಮ್ಮಕ್ಕಳು ನಿದ್ದೆಗಣ್ಣಲ್ಲೇ ಬೆಂಗಳೂರಿಗೆ ದುಡಿಯೋದಕ್ಕೆ ಬರ್ತಾರೆ, ರಾತ್ರಿ ಅದೇ ರೈಲಲ್ಲಿ ವಾಪಸ್ಸು. ಕರೆಂಟಿಗೆ ಕರಾರು ಇತ್ತು, ಚಿನ್ನಕ್ಕೆ ಕರಾರು ಇತ್ತು. ಚಿನ್ನ ಮುಗಿದ ದಿನ ಈ ಜನ ಏನಾಗಬೇಕು ಅನ್ನೋದಕ್ಕೆ ಒಂದು ಸಾಲು ಕರಾರು ಇರಲಿಲ್ಲ. ಇದು ನಮ್ಮ ಮೊದಲನೇ ಪಾಠ.

ಒಂದು ಬಾಗಿಲು ತೆರೆದಿತ್ತು

ಎರಡನೇ ಪಾಠ ಬೆಂಗಳೂರಿನದು. ಈಗ ಎಲ್ಲರೂ ಕಂಪ್ಯೂಟರ್ ಊರು ಅಂತಾರಲ್ಲ, ಆ ಊರು ಒಂದೇ ದಿನಕ್ಕೆ ಹಾಗಾಗಲಿಲ್ಲ. ವಿಜ್ಞಾನ ಮಂದಿರ ಬರಲಿ ಅಂತ ಸಂಸ್ಥಾನ 370ಕ್ಕೂ ಹೆಚ್ಚು ಎಕರೆ ಕೊಟ್ಟಿತು. 1909ರಲ್ಲಿ ಅದು ಸ್ಥಾಪನೆಯಾಯಿತು. ಅದೇ ಇವತ್ತಿನ ಟಾಟಾ ಇನ್‌ಸ್ಟಿಟ್ಯೂಟ್. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದಾಗ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಮೈಸೂರು ಸಂಸ್ಥಾನ ಜಮೀನನ್ನೂ ಕೊಟ್ಟಿತು, ಬಂಡವಾಳವನ್ನೂ ಹಾಕಿತು. ಅದೇ ಎಚ್.ಎ.ಎಲ್. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಬಂದವು.

ಇವು ಸರ್ಕಾರದ ಕಾರ್ಖಾನೆಗಳು. ಸರ್ಕಾರದ್ದು ಅಂದಮೇಲೆ ಮೀಸಲಾತಿ ಬಾರದೆ ವಿಧಿಯಿಲ್ಲ. ಆ ಒಂದು ಬಾಗಿಲಿನಿಂದ ನಮ್ಮ ಒಂದು ತಲೆಮಾರು ಒಳಗೆ ಹೋಯಿತು. ಟೌನ್‌ಶಿಪ್ಪಿನಲ್ಲಿ ಮನೆ ಸಿಕ್ಕಿತು. ಆ ಮನೆಯ ಪಕ್ಕದ ಮನೆ ಮೇಲ್ಜಾತಿಯವರದು, ಗೋಡೆ ಒಂದೇ. ಕ್ಯಾಂಟೀನಿನಲ್ಲಿ ಸಾಲು ಒಂದೇ, ತಟ್ಟೆ ಒಂದೇ. ತಿಂಗಳ ಕೊನೆಗೆ ಸಂಬಳದ ಚೀಟಿ, ಕಾಯಿಲೆಗೆ ಆಸ್ಪತ್ರೆ, ಮಕ್ಕಳಿಗೆ ಕಾನ್ವೆಂಟು. ಇವತ್ತು ನಮ್ಮಲ್ಲಿ ಡಾಕ್ಟರು, ಲೆಕ್ಚರರು, ಇಂಜಿನಿಯರು ಅಂತ ಇರೋರಲ್ಲಿ ಎಷ್ಟೋ ಜನ ಆ ಟೌನ್‌ಶಿಪ್ಪುಗಳ ಮಕ್ಕಳು.

ಭದ್ರಾವತಿಯನ್ನು ನೋಡಿ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಎರಡನ್ನೂ ಸಂಸ್ಥಾನವೇ ಕಟ್ಟಿ ನಿಲ್ಲಿಸಿದ ಊರು. ಬಿ. ಕೃಷ್ಣಪ್ಪನವರು ಅಲ್ಲಿ ಕಾಲೇಜಿನ ಕನ್ನಡ ಮೇಷ್ಟ್ರು. ದಲಿತ ಸಂಘರ್ಷ ಸಮಿತಿ 1970ರ ದಶಕದಲ್ಲಿ ಕಣ್ಣು ಬಿಟ್ಟದ್ದು ಆ ಊರಿನಲ್ಲಿ. ಗೌಡರ ಹಂಗಿಲ್ಲದೆ ತಿಂಗಳ ಸಂಬಳದಲ್ಲಿ ಬದುಕುವ ಜನ ನಾಲ್ಕು ಮಂದಿ ಇದ್ದ ಕಡೆ ತಲೆ ಎತ್ತಿ ಮಾತಾಡೋದು ಸುಲಭ. ಕಾರ್ಖಾನೆ ನಮಗೆ ಬರೀ ಅನ್ನ ಕೊಡಲಿಲ್ಲ, ಧೈರ್ಯವನ್ನೂ ಕೊಟ್ಟಿತು.

ಆಮೇಲೆ ಏನಾಯಿತು ಅಂತ ನಿಮಗೆ ಗೊತ್ತು. 1991ರ ನಂತರ ಸರ್ಕಾರ ತನ್ನ ಕಾರ್ಖಾನೆಗಳಿಂದ ಕೈ ತೆಗೆಯುತ್ತಾ ಬಂತು. 2016ರಲ್ಲಿ ಕೇಂದ್ರ ಸಂಪುಟ ಎಚ್.ಎಂ.ಟಿ. ವಾಚ್ ಕಂಪನಿಯನ್ನು ಮುಚ್ಚಲು ಒಪ್ಪಿತು. ಉಳಿದ ಕಾರ್ಖಾನೆಗಳಲ್ಲೂ ಕಾಯಂ ಜಾಗಕ್ಕೆ ಗುತ್ತಿಗೆ ಆಳು ಬಂದ. ಗುತ್ತಿಗೆಗೆ ರೋಸ್ಟರ್ ಇಲ್ಲ. ಈಗ ನಗರಗಳು ಕರೆಯುತ್ತಿರೋದು ಖಾಸಗಿ ಕಂಪನಿಗಳನ್ನು. ಅಲ್ಲಿ ಮೀಸಲಾತಿಯೇ ಇಲ್ಲ. ಬಾಗಿಲು ಮುಚ್ಚಿಲ್ಲ ಅಂತ ಹೇಳ್ತಾರೆ, ನಿಜ. ಗುಡಿಸೋದಕ್ಕೆ, ಗೇಟು ಕಾಯೋದಕ್ಕೆ ನಮ್ಮನ್ನು ಒಳಗೆ ಬಿಡ್ತಾರೆ.

ತಟ್ಟೆಯಲ್ಲಿ ಏನೇನು ಇಡ್ತಾರೆ?

ಈಗ ಕರೆಯೋ ಪದ್ಧತಿ ನೋಡೋಣ. ಮೊದಲು ಜಾತ್ರೆ ಮಾಡ್ತಾರೆ. 2000ದಿಂದ ಈಚೆಗೆ ಹೂಡಿಕೆದಾರರ ಸಮಾವೇಶಗಳು ನಡೆದುಕೊಂಡು ಬಂದಿವೆ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದದ್ದರಲ್ಲಿ 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಗೆ ಮಾತಾಯಿತು ಅಂತ ಸರ್ಕಾರ ಹೇಳಿತು. ಒಡಂಬಡಿಕೆ ಅಂದ್ರೆ ಮಾತು ಮಾತ್ರ. ಕಂಪನಿ ಬಾರದಿದ್ರೆ ಕೋರ್ಟಿಗೆ ಎಳೆಯೋ ಹಾಗಿಲ್ಲ. ಆದರೆ ಆ ಮಾತನ್ನು ತೋರಿಸಿ ತೆಗೆದುಕೊಳ್ಳುವ ಜಮೀನು ಮಾತ್ರ ನಿಜವಾದದ್ದು.

ಆಮೇಲೆ ತಟ್ಟೆ. ಅದರಲ್ಲಿ ಒಂದು, ಜಮೀನು. ಎರಡು, ನೀರು, ಕರೆಂಟು, ರಸ್ತೆ. ಮೂರು, ರಿಯಾಯಿತಿ: ಮುದ್ರಾಂಕ ಶುಲ್ಕ ಮಾಫಿ, ವಿದ್ಯುತ್ ತೆರಿಗೆ ಮಾಫಿ, ಹೂಡಿದ ಹಣದ ಮೇಲೆ ಸಬ್ಸಿಡಿ. ನಾಲ್ಕು, ಒಂದೇ ಕಿಟಕಿ: ಎಲ್ಲಾ ಇಲಾಖೆಯ ಅನುಮತಿ ಒಂದೇ ಕಡೆ ಸಿಗೋ ಹಾಗೆ 2002ರಲ್ಲಿ ಕಾಯ್ದೆಯನ್ನೇ ಮಾಡಿದ್ದಾರೆ. ನಮ್ಮಪ್ಪಂದಿರು ಒಂದು ಸಾಗುವಳಿ ಚೀಟಿಗೆ ಎಷ್ಟು ಕಿಟಕಿ ಅಲೆದರು ಅಂತ ನೀವೇ ಎಣಿಸಿಕೊಳ್ಳಿ.

ಐದನೇದು, ಅಗ್ಗದ ಕೂಲಿ. ಇದನ್ನು ಯಾರೂ ಬಾಯಿಬಿಟ್ಟು ಹೇಳೋದಿಲ್ಲ, 'ಕಾರ್ಮಿಕ ಸುಧಾರಣೆ' ಅಂತಾರೆ. 2023ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಮೀರದ ಹಾಗೆ ದಿನಕ್ಕೆ 12 ಗಂಟೆ ದುಡಿಸಬಹುದು ಅಂತ ಮಾಡಿತು. 1942ರಿಂದ 1946ರವರೆಗೆ ವೈಸರಾಯ್ ಮಂಡಲದಲ್ಲಿ ಕಾರ್ಮಿಕ ಖಾತೆ ಹಿಡಿದು, ದುಡಿಯುವ ಹೊತ್ತು ಇಳಿಸೋದಕ್ಕೆ ಹೊಡೆದಾಡಿದವರು ನಮ್ಮ ಬಾಬಾಸಾಹೇಬರು. ಆ ಹೊತ್ತನ್ನು ಮತ್ತೆ ತಟ್ಟೆಗೆ ಹಾಕಿ ಕೊಟ್ಟಾಯಿತು. ಗಾರ್ಮೆಂಟ್ಸ್ ಅಕ್ಕಂದಿರನ್ನು ಕೇಳಿ. ಕನಿಷ್ಠ ಕೂಲಿಗೆ ವಲಯ ಅಂತ ಮಾಡಿದ್ದಾರೆ, ದೊಡ್ಡ ನಗರದ ಕೂಲಿಗಿಂತ ಆಚೆಯ ಊರುಗಳ ಕೂಲಿ ಕಡಿಮೆ. ಬೆಂಗಳೂರಿನಲ್ಲಿ ಅಕ್ಕಂದಿರು ಮಾತಾಡೋದಕ್ಕೆ ಕಲಿತ ಹೊತ್ತಿಗೆ ಕೆಲವು ಮಾಲೀಕರು ಹೊಲಿಗೆ ಮಿಷನ್ನು ಕಟ್ಟಿಕೊಂಡು ರಾಮನಗರ, ಮಂಡ್ಯದ ಕಡೆ ಹೊರಟರು. ಕೂಲಿ ಕಡಿಮೆ ಇರೋ ಊರೇ ಒಳ್ಳೇ ಊರು ಅನ್ನೋದು ಈ ವ್ಯಾಪಾರದ ಧರ್ಮ.

ಆರನೇದು, ಊರಿನ ಅಂದ ಚಂದ. ಕಸ ಇರಬಾರದು, ನಾತ ಬರಬಾರದು. ಬೆಂಗಳೂರಿನ ಕಸ ಬಾಚೋರು ಯಾರು ಅಂತ ಈ ಸಭೆಯಲ್ಲಿ ಹೇಳಬೇಕಿಲ್ಲ. ಬಹುಪಾಲು ನಮ್ಮ ಅವ್ವಂದಿರು, ಅಕ್ಕಂದಿರು. ಊರಿಗೆ ಕಂಪನಿ ಬರೋದಕ್ಕೆ ಅವರ ಪೊರಕೆಯೂ ಕಾರಣ. ಆದರೂ ಅವರು ಗುತ್ತಿಗೆದಾರನ ಕೈಯಲ್ಲಿ, ಮಾಸ್ಟರ್ ರೋಲಿನಲ್ಲಿ, ವರ್ಷಗಟ್ಟಲೆ ನರಳಿದರು. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಕೂತ ಮೇಲೆ ಸರ್ಕಾರ ಕಾಯಂ ಮಾಡುವ ಮಾತು ಕೊಟ್ಟಿತು. 2025ರ ಮೇ 1ರಂದು ಬೆಂಗಳೂರಿನ 12,692 ಮಂದಿಗೆ ಕಾಯಂ ನೇಮಕದ ಪತ್ರ ಸಿಕ್ಕಿತು. ಕೇಳಿದ್ದಕ್ಕೆ ಸಿಕ್ಕಿತು. ಹಾಗೇ 2016ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದಾಗ, ದೆಹಲಿ ಸರ್ಕಾರ ಭವಿಷ್ಯ ನಿಧಿಯ ಹೊಸ ನಿಯಮವನ್ನು ವಾಪಸ್ಸು ತಗೊಂಡಿತು. ಇವೆಲ್ಲ ನಡೆದ ಮೇಲೂ ಬೆಂಗಳೂರಿನಿಂದ ಕಂಪನಿಗಳು ಓಡಿಹೋಗಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಪಕ್ಕದೂರಿನ ಆಳು

ಕೂಲಿಗೆ ಹೋದೋರಿಗೆಲ್ಲ ಒಂದು ಮಾತು ಗೊತ್ತು. ಕೂಲಿ ಜಾಸ್ತಿ ಕೇಳಿದ್ರೆ ಗೌಡ ಏನಂತಾನೆ? "ನೀನು ಬರದಿದ್ರೆ ಬಿಡಪ್ಪ, ಪಕ್ಕದೂರಿನ ಆಳು ಬರ್ತಾನೆ." ಇವತ್ತು ಕಂಪನಿಗಳು ರಾಜ್ಯ ರಾಜ್ಯಗಳಿಗೇ ಈ ಮಾತು ಹೇಳ್ತಾ ಇವೆ. ಸರ್ಕಾರವೇ ಕಂಪನಿಯ ಜಗಲಿ ಕೆಳಗೆ ಕೈಕಟ್ಟಿ ನಿಂತ ಆಳಿನ ಹಾಗೆ ಆಗಿದೆ.

ಬಂಗಾಳದ ಸಿಂಗೂರಿನಲ್ಲಿ ಟಾಟಾ ಕಾರಿಗೆ ಅಂತ 997 ಎಕರೆ ತಗೊಂಡರು. ರೈತರು, ಕೂಲಿಗಳು ತಿರುಗಿಬಿದ್ದರು. 2008ರ ಅಕ್ಟೋಬರ್‌ನಲ್ಲಿ ಕಂಪನಿ ಅಲ್ಲಿಂದ ಕಾಲ್ತೆಗೆದು ಗುಜರಾತಿನ ಸಾಣಂದ್‌ಗೆ ಹೋಯಿತು. ಗುಜರಾತ್ ಸರ್ಕಾರ ಬಾಗಿಲಲ್ಲೇ ಆರತಿ ಹಿಡಿದು ನಿಂತಿತ್ತು. ಸಿಂಗೂರಿನ ಜಮೀನು ವಾಪಸ್ಸು ಕೊಡಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2016ರಲ್ಲಿ. ಅಷ್ಟು ಹೊತ್ತಿಗೆ ಹೊಲದ ಮೇಲೆ ಸಿಮೆಂಟು ಕೂತು ವರ್ಷಗಳೇ ಆಗಿದ್ದವು.

ನಮ್ಮಲ್ಲಿ 2024ರ ಜುಲೈನಲ್ಲಿ ಒಂದು ಮಸೂದೆ ಬಂತು. ಖಾಸಗಿ ಕಂಪನಿಯ ಆಡಳಿತದ ಹುದ್ದೆಗಳಲ್ಲಿ ನೂರಕ್ಕೆ 50, ಉಳಿದ ಹುದ್ದೆಗಳಲ್ಲಿ ನೂರಕ್ಕೆ 70 ಸ್ಥಳೀಯರಿಗೆ ಕೊಡಬೇಕು ಅಂತ. ಸಂಪುಟ ಒಪ್ಪಿತು. ಎರಡೇ ದಿನ. ಕಂಪನಿಗಳ ಸಂಘ ನಾವು ಬೇರೆ ಕಡೆ ಹೋಗಬೇಕಾಗುತ್ತೆ ಅಂತು. ಆಂಧ್ರದ ಮಂತ್ರಿ ನಮ್ಮಲ್ಲಿಗೆ ಬನ್ನಿ ಅಂದ್ರು. ಮಸೂದೆ ತಡೆಹಿಡೀತು ಸರ್ಕಾರ. ನೆನಪಿರಲಿ, ಆ ಮಸೂದೆಯ ಲೆಕ್ಕ ಕನ್ನಡಿಗ ಮತ್ತು ಹೊರಗಿನವ ಅಂತ ಇತ್ತು. ಕನ್ನಡಿಗರೊಳಗೆ ಕೇರಿಯವರ ಪಾಲು ಎಷ್ಟು ಅಂತ ಯಾರೂ ಕೇಳಿರಲಿಲ್ಲ. ಅಷ್ಟಕ್ಕೇ ಇಷ್ಟು ಗದ್ದಲ.

ಅಮೆರಿಕದಲ್ಲೂ ಇದೇ ಆಟ. 2017ರಲ್ಲಿ ಅಮೆಜಾನ್ ಕಂಪನಿ ತನ್ನ ಎರಡನೇ ಮುಖ್ಯ ಕಚೇರಿಗೆ ಊರು ಬೇಕು ಅಂದಾಗ 238 ಊರು, ಪ್ರಾಂತ್ಯಗಳು ಅರ್ಜಿ ಹಾಕಿದವು. ಕಂಪನಿ ಅರ್ಜಿ ಹಾಕೋದಲ್ಲ, ಊರು ಅರ್ಜಿ ಹಾಕೋದು! ಕಂಪನಿ ಆರಿಸಿದ ಜಾಗಗಳಲ್ಲಿ ನ್ಯೂಯಾರ್ಕ್ ಒಂದು. ಇಷ್ಟೊಂದು ರಿಯಾಯಿತಿ ಯಾಕೆ, ನಮ್ಮ ಬಾಡಿಗೆ ಏರಿದ್ರೆ ಯಾರು ಹೊಣೆ ಅಂತ ಅಲ್ಲಿನ ಜನ, ಸಂಘಗಳು ಜಗಳಕ್ಕೆ ನಿಂತವು. 2019ರ ಫೆಬ್ರವರಿಯಲ್ಲಿ ಕಂಪನಿ ಆ ಯೋಜನೆ ಕೈಬಿಟ್ಟಿತು. ಅದರಿಂದ ನ್ಯೂಯಾರ್ಕ್ ಏನು ಪಾಳು ಬೀಳಲಿಲ್ಲ.

ಪಕ್ಕದೂರಿನ ಆಳನ್ನು ತೋರಿಸಿ ಹೆದರಿಸೋ ಗೌಡನಿಗೆ ನಮ್ಮ ಹಿರಿಯರು ಏನು ಮಾಡ್ತಿದ್ರು? ಪಕ್ಕದೂರಿನ ಕೇರಿಗೆ ಹೋಗಿ ಮಾತಾಡ್ತಿದ್ರು. ಎರಡೂ ಕೇರಿಯವರು ಕೂತು ಕೂಲಿ ಇಷ್ಟು ಅಂತ ಕಟ್ಟು ಮಾಡ್ಕೊಳ್ತಿದ್ರು. ಗಡಿಯಾಚೆ ಹಿಂದೂಪುರ, ಮಡಕಶಿರಾದ ಕೇರಿಗಳಲ್ಲಿ ಇರೋರು ನಮ್ಮ ನೆಂಟರೇ. ಅವರ ಜೊತೆ ನಾವು ಮಾತಾಡಬೇಕು.

ದೇವನಹಳ್ಳಿಯ 1198 ದಿನ

ಈಗ ಹತ್ತಿರದ ಮಾತಿಗೆ ಬರೋಣ. ಬೆಂಗಳೂರಿನ ವಿಮಾನ ನಿಲ್ದಾಣದಾಚೆ, ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿ. ಅಲ್ಲಿಯ 13 ಹಳ್ಳಿಗಳ 1,777 ಎಕರೆ ಬೇಕು, ವಿಮಾನ ಮತ್ತು ರಕ್ಷಣಾ ಸಾಮಗ್ರಿ ತಯಾರಿಸುವ ಕಂಪನಿಗಳಿಗೆ ಕೊಡ್ತೀವಿ ಅಂತ ಸರ್ಕಾರ ಅಧಿಸೂಚನೆ ಹೊರಡಿಸಿತು. ಆ ಮಣ್ಣಿನಲ್ಲಿ ದ್ರಾಕ್ಷಿ, ಮಾವು, ರಾಗಿ, ತರಕಾರಿ, ಹೂವು, ಹಿಪ್ಪುನೇರಳೆ ಬೆಳೀತಾರೆ. ಹಾಲು ಕರೆದು ಡೈರಿಗೆ ಹಾಕ್ತಾರೆ. ಹಿಂದೊಮ್ಮೆ ವಿಮಾನ ನಿಲ್ದಾಣಕ್ಕೆ ಅಂತ ಜಮೀನು ಹೋಗಿದ್ದು ಅದೇ ತಾಲ್ಲೂಕಿನಲ್ಲಿ. ಜಮೀನು ಹೋದಮೇಲೆ ಏನಾಗುತ್ತೆ ಅಂತ ಯಾರೂ ಅವರಿಗೆ ಪಾಠ ಹೇಳಬೇಕಿರಲಿಲ್ಲ.

ಈ ಜಮೀನು ತೆಗೆಯೋ ಕಾಯ್ದೆ ಯಾವುದು ಅಂತ ತಿಳಿದಿರಲಿ. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ, 1966ರದ್ದು. ಮಂಡಳಿಯನ್ನು ಕೆ.ಐ.ಎ.ಡಿ.ಬಿ. ಅಂತಾರೆ. ಆ ಕಾಯ್ದೆಯ 28ನೇ ಸೆಕ್ಷನ್ನು ಬಾಯಿಪಾಠ ಮಾಡಿ. 28(1)ರಲ್ಲಿ ಮೊದಲ ನೋಟೀಸು, ತಕರಾರು ಹೇಳಬೇಕಾದ್ದು ಆಗಲೇ. 28(4)ರಲ್ಲಿ ಕೊನೆಯ ಘೋಷಣೆ. ಅದಾದ ಮೇಲೆ ಜಮೀನು ಕಾಗದದಲ್ಲಿ ಸರ್ಕಾರದ್ದು. 2013ರ ಕೇಂದ್ರ ಕಾಯ್ದೆ ಪ್ರಕಾರ ಖಾಸಗಿ ಕಂಪನಿಗೆ ಭೂಮಿ ಬೇಕಾದ್ರೆ ನೂರಕ್ಕೆ 80 ಕುಟುಂಬ ಒಪ್ಪಬೇಕು, ಊರಿನ ಮೇಲೆ ಏನು ಪರಿಣಾಮ ಅಂತ ಅಧ್ಯಯನ ಆಗಬೇಕು. ಆ ಹೊಲದಲ್ಲಿ ವರ್ಷಗಟ್ಟಲೆ ಕೂಲಿ ಮಾಡಿದವರನ್ನೂ ಸಂತ್ರಸ್ತರು ಅಂತ ಅದು ಲೆಕ್ಕಕ್ಕೆ ಹಿಡಿಯುತ್ತೆ. 1966ರ ಕಾಯ್ದೆಯಲ್ಲಿ ಈ ಶರತ್ತು ಇಲ್ಲ. ನಮ್ಮಲ್ಲಿ ಜಮೀನು ತೆಗೆಯೋದಕ್ಕೆ ಹಳೇ ಕುಡುಗೋಲು ಯಾಕೆ ಬೇಕು ಅಂತ ಈಗ ಗೊತ್ತಾಯ್ತಲ್ಲ.

2022ರ ಏಪ್ರಿಲ್ 4ರಂದು ಅಲ್ಲಿನ ಜನ ಧರಣಿ ಕೂತರು. ರೈತ ಸಂಘದವರು, ದಲಿತ ಸಂಘಟನೆಯವರು, ಕಾರ್ಮಿಕ ಸಂಘದವರು, ಹೆಣ್ಣುಮಕ್ಕಳು. ಮಳೆ ಬಂತು, ಚುನಾವಣೆ ಬಂತು, ಸರ್ಕಾರ ಬದಲಾಯಿತು. ವಿರೋಧ ಪಕ್ಷದಲ್ಲಿದ್ದಾಗ ಧರಣಿಗೆ ಬಂದು ಮಾತು ಕೊಟ್ಟವರು ಗದ್ದುಗೆ ಏರಿದ ಮೇಲೆ ಮಾತು ಮರೆತರು. 2025ರ ಜೂನ್ 25ರಂದು ದೇವನಹಳ್ಳಿಯಲ್ಲಿ ಸೇರಿದವರನ್ನು ಪೊಲೀಸರು ಎಳೆದು ವ್ಯಾನಿಗೆ ತುಂಬಿದರು. ಅದು ರಾಜ್ಯದ ತುಂಬಾ ಸಿಟ್ಟು ಎಬ್ಬಿಸಿತು. ಜುಲೈ 15ರಂದು, 1198ನೇ ದಿನ, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಟ್ಟಿದ್ದೇವೆ ಅಂತ ಹೇಳಿದರು. ಅದರ ಬೆನ್ನಿಗೇ ಆಂಧ್ರದ ಮಂತ್ರಿ ನಾರಾ ಲೋಕೇಶ್ ಕಂಪನಿಗಳಿಗೆ ಕರೆ ಕೊಟ್ಟರು: ಬೆಂಗಳೂರಿನ ಮಗ್ಗುಲಲ್ಲೇ ನಮ್ಮ ಹತ್ತಿರ 8,000 ಎಕರೆ ತಯಾರಿದೆ, ಬನ್ನಿ. ಪಕ್ಕದೂರಿನ ಆಳು ನೋಡಿ! ಆ 8,000 ಎಕರೆ ಯಾರ ಬೆವರಿನದು ಅಂತ ಕೇಳೋ ಕೆಲಸ ಗಡಿಯ ಎರಡೂ ಕಡೆಯ ನಮ್ಮವರದು.

ಗೆದ್ದೆವು, ಸಂತೋಷ. ಆದರೆ ಗೆಳೆಯರೇ, ಎರಡು ಮಾತು ಮುಚ್ಚಿಡದೆ ಆಡಬೇಕು. ಒಂದು, ಸ್ವಾಧೀನ ಬಿಟ್ಟಾಗಲೇ ಸರ್ಕಾರ ಇನ್ನೊಂದು ಮಾತೂ ಹೇಳಿದೆ: ತಾವಾಗಿ ಕೊಡೋರು ಕೊಡಬಹುದು, ಅವರಿಗೆ ಹೆಚ್ಚು ಪರಿಹಾರ ಅಂತ. ತಾವಾಗಿ ಮೊದಲು ಕೊಡೋರು ಯಾರು? ಮಗಳ ಮದುವೆ ಸಾಲ ಇರೋರು, ಆಸ್ಪತ್ರೆ ಸಾಲ ಇರೋರು, ಬೋರು ಬತ್ತಿದೋರು. ಅಂದ್ರೆ ಮತ್ತೆ ನಮ್ಮವರೇ. ಎರಡು, ಉಳಿದ ಜಮೀನಿನಲ್ಲಿ ಕೇರಿಯ ಪಾಲು ಎಷ್ಟು? ಜಮೀನು ಉಳಿಸೋ ಚಳವಳಿಯಲ್ಲಿ ಜಮೀನಿಲ್ಲದೋರೂ ಹಗಲೂ ರಾತ್ರಿ ಕೂತಿದ್ದರು. ಆ ಋಣ ಜಮೀನಿದ್ದೋರು ಮರೀಬಾರದು.

ಕಾಗದ ಇಲ್ಲದೋರ ಜಮೀನು

ಪರಿಹಾರದ ಹಣ ಪಹಣಿಯಲ್ಲಿ ಹೆಸರಿದ್ದೋರಿಗೆ ಬರುತ್ತೆ. ನಮ್ಮ ಮನೆಗಳಲ್ಲಿ ಏನಾಗಿದೆ? ತಾತನಿಗೆ ದರಖಾಸ್ತಿನಲ್ಲಿ ಎರಡು ಎಕರೆ ಸಿಕ್ಕಿತ್ತು. ತಾತ ಸತ್ತ, ಅಪ್ಪ ಪೌತಿ ಖಾತೆ ಮಾಡಿಸಲಿಲ್ಲ. ಅಥವಾ ಮೂರು ಮೂಟೆ ರಾಗಿಗೆ ಅಡ ಇಟ್ಟದ್ದನ್ನು ಸಾಹುಕಾರ ಕ್ರಯ ಮಾಡಿಕೊಂಡ. ಅಥವಾ ಗೋಮಾಳ ಉಳುತ್ತಾ 40 ವರ್ಷ ಆಯ್ತು, ಫಾರಂ 50 ಹಾಕಿದ್ವಿ, 53 ಹಾಕಿದ್ವಿ, 57 ಹಾಕಿದ್ವಿ, ಸಾಗುವಳಿ ಚೀಟಿ ಇನ್ನೂ ಬಂದಿಲ್ಲ. ಹೀಗಿರುವಾಗ ಅಧಿಸೂಚನೆ ಬಂದರೆ ನಮ್ಮ ಉಳುಮೆ ಲೆಕ್ಕಕ್ಕೇ ಇಲ್ಲ. ಸರ್ಕಾರಿ ಜಮೀನು ಅಂತ ಬರೆದುಕೊಂಡು ಹೋಗ್ತಾರೆ.

ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನು ಪರರ ಪಾಲಾಗಬಾರದು ಅಂತ 1978ರ ಕಾಯ್ದೆ ಇದೆ. ಜನ ಅದನ್ನು ಪಿ.ಟಿ.ಸಿ.ಎಲ್. ಅಂತಾರೆ. ಕಾಲಮಿತಿಯ ನೆಪ ಹೇಳಿ ಕೋರ್ಟುಗಳಲ್ಲಿ ನಮ್ಮ ಅರ್ಜಿಗಳು ಬಿದ್ದುಹೋಗ್ತಿದ್ದವು. ನಮ್ಮ ಸಂಘಟನೆಗಳು ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಕೂತ ಮೇಲೆ 2023ರಲ್ಲಿ ಆ ಕಾಲಮಿತಿಯ ತೊಡಕು ತೆಗೆಯೋದಕ್ಕೆ ತಿದ್ದುಪಡಿ ಬಂತು. ಆ ಕಾಯ್ದೆ ಸಾಹುಕಾರನಿಂದ ಕಾಪಾಡುತ್ತೆ. ಸರ್ಕಾರವೇ ಕಂಪನಿಗೆ ಅಂತ ತಗೊಂಡ್ರೆ ಅದು ತಡೆಯೋದಿಲ್ಲ. ಅಲ್ಲಿ ತಡೆಯೋದು ನಮ್ಮ ತಿಳುವಳಿಕೆ, ನಮ್ಮ ಒಗ್ಗಟ್ಟು.

ಕಂಪನಿ ನಿಲ್ಲೋದು ಯಾವುದಕ್ಕೆ?

ಕೊನೆಯ ಪ್ರಶ್ನೆ. ಇಷ್ಟೆಲ್ಲಾ ಶರತ್ತು ಹಾಕಿದ್ರೆ ಕಂಪನಿ ಓಡಿಹೋಗಲ್ವಾ ಅಂತ ನಿಮ್ಮಲ್ಲೇ ಕೆಲವರು ಕೇಳ್ತೀರಿ. ಯೋಚನೆ ಮಾಡೋಣ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಹೊಸೂರು ರಸ್ತೆಯಲ್ಲಿ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಅಂತ ಮಾಡಿದಾಗ ಅದು ಬಯಲು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಅಮೆರಿಕದಿಂದ ಬೆಂಗಳೂರಿಗೆ ಬಂತು. ಬರೀ ಜಮೀನಿಗೆ ಬಂತಾ? ಜಮೀನು ಎಲ್ಲೂ ಸಿಗುತ್ತೆ. ಟಾಟಾ ಇನ್‌ಸ್ಟಿಟ್ಯೂಟ್, ಇಂಜಿನಿಯರಿಂಗ್ ಕಾಲೇಜುಗಳು, ಎಚ್.ಎ.ಎಲ್., ಬಿ.ಇ.ಎಲ್., ಐ.ಟಿ.ಐ. ಸೇರಿ ತಯಾರು ಮಾಡಿದ್ದ ಓದಿದ ಜನ ಇಲ್ಲಿದ್ದರು. ಮಾಫಿಗೆ ಬಂದ ಕಂಪನಿ ಮಾಫಿ ಮುಗಿದ ದಿನ ಹೋಗುತ್ತೆ. ಜನಕ್ಕಾಗಿ ಬಂದ ಕಂಪನಿ ನಿಲ್ಲುತ್ತೆ. ಪೌರಕಾರ್ಮಿಕರು ಕಾಯಂ ಆದಾಗ, ದೇವನಹಳ್ಳಿ ಗೆದ್ದಾಗ ಬೆಂಗಳೂರು ಖಾಲಿಯಾಗದೆ ಇದ್ದದ್ದು ಇದಕ್ಕೇ.

ಅಂದಮೇಲೆ ಊರನ್ನು ಕಂಪನಿಗೆ ತಯಾರು ಮಾಡುವ ದೊಡ್ಡ ಕೆಲಸ ಅಂದ್ರೆ ಓದಿಸೋದು. ಈ ಹಾಸ್ಟೆಲೂ ಕೈಗಾರಿಕೆಗೆ ಬೇಕಾದ್ದೇ, ರಸ್ತೆ ಬೇಕಾದಷ್ಟೇ ಬೇಕಾದ್ದು. ಕಂಪನಿಗೆ ಬಿಡುವ ತೆರಿಗೆ ಲೆಕ್ಕ ಕೈಗಾರಿಕಾ ನೀತಿಯ ಪುಸ್ತಕದಲ್ಲಿರುತ್ತೆ. ಇಲ್ಲಿಯ ಸಾರು ನೀರಾದದ್ದು, ಒಂದು ಕೋಣೆಗೆ ಎಂಟು ಟ್ರಂಕು ತುಂಬಿದ್ದು, ಲೈಬ್ರರಿಗೆ ಬೀಗ ಬಿದ್ದದ್ದು ಯಾವ ನೀತಿಯ ಪುಸ್ತಕದಲ್ಲೂ ಇಲ್ಲ. ಹಾಸ್ಟೆಲ್ ಕೇಳೋದು ಭಿಕ್ಷೆ ಅಂತ ವಾರ್ಡನ್ನು ಅಂದ್ರೆ, ಇದು ಈ ನಾಡಿನ ಬಂಡವಾಳ ಅಂತ ಹೇಳಿ.

ಹಾಗಾದರೆ ನಾವು ಕೇಳಬೇಕಾದ್ದು ಏನು? ಜಮೀನನ್ನು ಕಂಪನಿಗೆ ಮಾರಬೇಡಿ, ಗುತ್ತಿಗೆಗೆ ಕೊಡಿ. ಹೇಳಿದ ಕಾಲಕ್ಕೆ ಕಾರ್ಖಾನೆ ಏಳದಿದ್ರೆ ಜಮೀನು ಉಳುವವನಿಗೆ ವಾಪಸ್ಸು. ಬಗರ್ ಹುಕುಂ ಅರ್ಜಿಗಳು ಮೊದಲು ತೀರ್ಮಾನ ಆಗಲಿ, ಅಧಿಸೂಚನೆ ಆಮೇಲೆ. ಕೂಲಿಯವರನ್ನೂ ಲೆಕ್ಕಕ್ಕೆ ಹಿಡಿಯೋ 2013ರ ಕಾಯ್ದೆಯ ಶರತ್ತುಗಳು ಇಲ್ಲೂ ನಡೀಲಿ. ರಿಯಾಯಿತಿ ಪಡೆಯೋ ಪ್ರತಿ ಕಂಪನಿಯೂ ಎಷ್ಟು ಕಾಯಂ ಕೆಲಸ, ಅದರಲ್ಲಿ ಪರಿಶಿಷ್ಟರಿಗೆ ಎಷ್ಟು ಅಂತ ಕರಾರಿನಲ್ಲಿ ಬರೀಲಿ. ಸಾರ್ವಜನಿಕರ ಹಣ ಉಂಡ ಮೇಲೆ ಖಾಸಗಿ ಅನ್ನೋ ಮಾತು ಎಲ್ಲಿಂದ ಬಂತು? ಕೈಗಾರಿಕಾ ನಿವೇಶನದಲ್ಲಿ ನಮಗೂ ಪಾಲು ಅಂತ ಕಾಗದದಲ್ಲಿದೆ. ಆದರೆ ಬ್ಯಾಂಕು ಸಾಲ ಕೊಡದಿದ್ರೆ ಆ ನಿವೇಶನ ಬೇನಾಮಿ ಕೈಗೆ ಹೋಗುತ್ತೆ. ಸಾಲವೂ ಆ ಪಾಲಿನ ಜೊತೆಗೇ ಬರಲಿ.

ಇವೆಲ್ಲ ದೊಡ್ಡ ಮಾತು. ನಿಮಗೆ ಒಂದು ಸಣ್ಣ ಕೆಲಸ ಹೇಳಿ ಮುಗಿಸ್ತೀವಿ. ಇನ್ನೇನು ರಜ ಬರುತ್ತೆ, ಊರಿಗೆ ಹೋಗ್ತೀರಿ. ನಾಡಕಚೇರಿಗೆ ಹೋಗಿ ನಿಮ್ಮ ಸರ್ವೆ ನಂಬರಿನ ಪಹಣಿ ತೆಗೆಸಿ. ಯಾರ ಹೆಸರಿದೆ ನೋಡಿ. ತಾತನ ಹೆಸರಿದ್ರೆ ಪೌತಿ ಖಾತೆಗೆ ಅರ್ಜಿ ಕೊಡಿ. ಅಮ್ಮನ ಟ್ರಂಕಿನ ತಳದಲ್ಲಿ ಸಾಗುವಳಿ ಚೀಟಿ ಇದ್ದರೆ ನಾಲ್ಕು ಪ್ರತಿ ಮಾಡಿಸಿ ಇಡಿ. ಫಾರಂ 57 ಹಾಕಿದ ರಸೀತಿ ಎಲ್ಲಿದೆ ಕೇಳಿ. ಪಂಚಾಯ್ತಿ ಗೋಡೆಯ ಮೇಲೆ ಅಂಟಿಸಿದ ನೋಟೀಸು ಯಾರೂ ಓದಲ್ಲ, ನೀವು ನಿಂತು ಓದಿ. 28(1) ಅಂತ ಕಂಡ್ರೆ ಅವತ್ತೇ ಕೇರಿಯಲ್ಲಿ ಸಭೆ ಕರೀರಿ, ತಕರಾರು ಬರೆಯೋ ಕೆಲಸ ನಿಮ್ಮದು. ಒಬ್ಬೊಬ್ಬರೇ ಸಹಿ ಮಾಡಬೇಡಿ ಅಂತ ಅಪ್ಪನಿಗೆ ಹೇಳಿ. ತಿರುಗಿ ಬರುವಾಗ ಏನು ಕಂಡಿರಿ ಅನ್ನೋದನ್ನು ಒಂದು ಪುಟ ಬರೆದು ತನ್ನಿ, ಈ ಪತ್ರಿಕೆಯಲ್ಲಿ ಹಾಕೋಣ.

ನಮ್ಮಪ್ಪಂದಿರಿಗೆ ಹೆಬ್ಬೆಟ್ಟು ಒತ್ತೋದು ಗೊತ್ತಿತ್ತು, ಕಾಗದದಲ್ಲಿ ಏನಿದೆ ಅಂತ ಗೊತ್ತಿರಲಿಲ್ಲ. ಅವರು ಹೊಟ್ಟೆ ಕಟ್ಟಿ ನಮ್ಮನ್ನು ಹಾಸ್ಟೆಲಿಗೆ ಕಳಿಸಿದ್ದು ಆ ಕಾಗದ ಓದಲಿ ಅಂತ. ಓದೋಣ.

ಜೈ ಭೀಮ್.